ಯಾವುದು ಮೊದಲು, ಯಾವುದು ಅನಂತರ?

ಪಂಕ್ತಿಯಲ್ಲಿ ಬಡಿಸುವವರಿಗೆ ಒಂದು ಕ್ರಮವಿದೆ. ಎಲೆಯ ತುದಿಗೆ ಉಪ್ಪು ಬೀಳುತ್ತದೆ; ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ತಮ್ಮ ತಮ್ಮ ಸ್ಥಾನವನ್ನು ಹಿಡಿಯುತ್ತವೆ; ಅನ್ನ ಬಂದ ಮೇಲೆ ಸಾರು, ಹುಳಿ, ಪಾಯಸಗಳು ಬರುತ್ತವೆ; ಮಜ್ಜಿಗೆಯೊಡನೆ ಊಟ ಮುಗಿಯುತ್ತದೆ. ಈಗ ಬಡಿಸುವ ಕೆಲಸವನ್ನು ಅಕ್ಷರಮಾಲೆಯೊಂದನ್ನು ಬಿಟ್ಟು ಬೇರೇನನ್ನೂ ಅರಿಯದ ಒಬ್ಬನಿಗೆ ಒಪ್ಪಿಸಿದೆವೆಂದು ಇಟ್ಟುಕೊಳ್ಳೋಣ. ಅವನು ಮೊದಲು ಅನ್ನವನ್ನು ಬಡಿಸುವನು. ಆಮೇಲೆ ಉಪ್ಪು, ಕೋಸಂಬರಿ, ಪಲ್ಯ, ಪಾಯಸ, ಮಜ್ಜಿಗೆ. ಮಜ್ಜಿಗೆಯಾದ ಮೇಲೆ ಸಾರು, ಕಟ್ಟಕಡೆಗೆ ಹುಳಿ. ಅವನನ್ನು ಬಿಡಿಸಿ, ಅಳತೆಯೊಂದನ್ನೇ ಬಲ್ಲ ಮತ್ತೊಬ್ಬನನ್ನು ತಂದರೆ ಅವನು ಪಾತ್ರೆಗಳ ಗಾತ್ರವನ್ನು ನೋಡಿಕೊಂಡು ದೊಡ್ಡದರಿಂದ ಚಿಕ್ಕದಕ್ಕೆ ಬರುವನು. ಉಪ್ಪು ಎಲೆಗೆ ಬೀಳುವ ಹೊತ್ತಿಗೆ ಜನ ಕೈ ತೊಳೆಯಲು ಎದ್ದಿರುತ್ತಾರೆ. ಇಬ್ಬರೂ ತಪ್ಪು ಮಾಡಿದರೆಂದು ಹೇಳುವ ಹಾಗಿಲ್ಲ. ತಮಗೆ ತಿಳಿದ ನಿಯಮವನ್ನು ಅವರು ಒಂದಿಷ್ಟೂ ಮೀರಲಿಲ್ಲ. ಆದರೆ ಕುಳಿತವರಿಗೆ ಊಟವಾಗಲಿಲ್ಲ.

ನಮ್ಮ ಕಾಲದ ಶೋಧಯಂತ್ರಗಳು ಈ ಇಬ್ಬರು ಬಡಿಸುವವರ ವಂಶಕ್ಕೆ ಸೇರಿದವು. ಗಣಕದ ಮೂಲಕ ಗ್ರಂಥಾಲಯದ ಸೂಚಿಯನ್ನೋ ಅಂಗಡಿಯ ಸರಕಿನ ಪಟ್ಟಿಯನ್ನೋ ಹುಡುಕಿದವರಿಗೆಲ್ಲ ಗೊತ್ತಿರುವ ಸಂಗತಿಯಿದು: 'ಕಾಫಿ' ಎಂದು ಬರೆದು ಕೇಳಿದರೆ ನೂರಾರು ಫಲಗಳು ಬರುತ್ತವೆ, ಅವುಗಳ ಪಕ್ಕದಲ್ಲಿ ಕೆಲವು ಕಿರುಪಟ್ಟಿಗಳಿರುತ್ತವೆ. ಭಾಷೆ, ಜಿಲ್ಲೆ, ವರ್ಷ, ವಿಷಯ ಎಂಬ ತಲೆಬರಹಗಳು; ಒಂದೊಂದರ ಕೆಳಗೂ ಹಲವು ಬಾಬುಗಳು, ಬಾಬಿನ ಮುಂದೆ ಒಂದು ಸಂಖ್ಯೆ. 'ಹಾಸನ' ಎಂಬ ಬಾಬನ್ನು ಒತ್ತಿದರೆ ಹಾಸನಕ್ಕೆ ಸಂಬಂಧಿಸಿದವು ಮಾತ್ರ ಉಳಿಯುತ್ತವೆ. ಈ ತಲೆಬರಹಗಳಿಗೆ ಫ್ಯಾಸೆಟ್ ಎಂದು ಹೆಸರು. ರತ್ನವನ್ನು ಕಡೆದಾಗ ದೊರೆಯುವ ಮುಖಗಳಿಗೂ ಅದೇ ಮಾತು ಸಲ್ಲುವುದರಿಂದ ಇದನ್ನು ಕನ್ನಡದಲ್ಲಿ 'ಮುಖ'ವೆಂದೇ ಕರೆಯೋಣ. ಒಂದೇ ವಸ್ತುವನ್ನು ಹಲವು ಮುಖಗಳಿಂದ ನೋಡುವುದು ಇದರ ತಾತ್ಪರ್ಯ. ನಾನಿಲ್ಲಿ ಎತ್ತುವ ಪ್ರಶ್ನೆ ಚಿಕ್ಕದು: ಒಂದು ಮುಖದ ಕೆಳಗೆ ಬರುವ ಬಾಬುಗಳನ್ನು ಯಾವ ಅನುಕ್ರಮದಲ್ಲಿ ನಿಲ್ಲಿಸಬೇಕು? ನೋಡುವುದಕ್ಕೆ ಚಿಕ್ಕದಾದ ಈ ಪ್ರಶ್ನೆಯ ಒಳಗೆ ನ್ಯಾಯ ಅನ್ಯಾಯಗಳ ವಿಚಾರವೊಂದು ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಲೋಕದಲ್ಲಿ ಇಂದು ಬಹುವಾಗಿ ಬಳಕೆಯಲ್ಲಿರುವ ಶೋಧಸಾಧನಗಳಲ್ಲಿ ಸೋಲರ್, ಎಲಾಸ್ಟಿಕ್‌ಸರ್ಚ್ ಎಂಬ ಎರಡು ಮುಖ್ಯವಾದವು. ಎರಡರಲ್ಲಿಯೂ ಬಾಬುಗಳನ್ನು ಜೋಡಿಸಲು ಹುಟ್ಟಿನಿಂದ ಬಂದ ಕ್ರಮಗಳು ಎರಡು. ಒಂದು, ಎಣಿಕೆಯ ಕ್ರಮ: ಯಾವ ಬಾಬಿನಲ್ಲಿ ಹೆಚ್ಚು ಫಲಗಳಿವೆಯೋ ಅದು ಮೇಲೆ. ಇನ್ನೊಂದು, ಅಕ್ಷರದ ಕ್ರಮ. ಹೇಳದೆ ಬಿಟ್ಟರೆ ಯಂತ್ರವು ಸಾಮಾನ್ಯವಾಗಿ ಎಣಿಕೆಯ ಕ್ರಮವನ್ನೇ ಹಿಡಿಯುತ್ತದೆ. ಮೂರನೆಯದೊಂದು ಕ್ರಮ, ಎಂದರೆ ವಸ್ತುವಿನ ಸ್ವಭಾವವನ್ನು ಬಲ್ಲವರು ಹೇಳಿಕೊಟ್ಟ ಕ್ರಮ, ಬೇಕಾದರೆ ಅದನ್ನು ಮನುಷ್ಯನೇ ಕುಳಿತು ಮಾಡಿಕೊಡಬೇಕು. ಬಹುಮಂದಿ ಮಾಡಿಕೊಡುವುದಿಲ್ಲ. ಯಂತ್ರ ಕೊಟ್ಟದ್ದನ್ನೇ ಸ್ವೀಕರಿಸಿ, ಅದು ಸಹಜವಾದ ಕ್ರಮವೆಂದು ನಂಬಿಕೊಳ್ಳುತ್ತಾರೆ.

ಈ ವಿಚಾರ ನಮಗೆ ಹೊರಗಿನದಲ್ಲವೆಂಬುದನ್ನು ಕನ್ನಡ ವಾಚಕರು ನೆನಪಿಡಬೇಕು. ಗ್ರಂಥಗಳ ವರ್ಗೀಕರಣದಲ್ಲಿ ಮುಖವೆಂಬ ಕಲ್ಪನೆಯನ್ನು ಶಾಸ್ತ್ರವಾಗಿ ಕಟ್ಟಿದವರು ಶಿಯಾಳಿ ರಾಮಾಮೃತ ರಂಗನಾಥನ್. ಮದರಾಸಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು 1931ರಲ್ಲಿಯೂ ಕೋಲನ್ ವರ್ಗೀಕರಣವನ್ನು 1933ರಲ್ಲಿಯೂ ಪ್ರಕಟಿಸಿದರು. ತಮ್ಮ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ದಾಖಲೆ ಶಾಸ್ತ್ರದ ಸಂಶೋಧನೆಗೂ ತರಬೇತಿಗೂ ಮೀಸಲಾದ ಕೇಂದ್ರವನ್ನು 1962ರಲ್ಲಿ ಅವರು ನೆಲೆಗೊಳಿಸಿದ್ದು ಇಲ್ಲಿಯೇ; 1972ರಲ್ಲಿ ಅವರು ತೀರಿಕೊಂಡದ್ದೂ ಇಲ್ಲಿಯೇ. ಒಂದು ಗ್ರಂಥದ ವಿಷಯವನ್ನು ವ್ಯಕ್ತಿತ್ವ, ದ್ರವ್ಯ, ಕ್ರಿಯಾಶಕ್ತಿ, ದೇಶ, ಕಾಲ ಎಂಬ ಐದು ಮೂಲತತ್ತ್ವಗಳ ಮೂಲಕ ಬಿಡಿಸಿ ನೋಡಬಹುದೆಂದು ಅವರು ತೋರಿಸಿದರು. ಇಂದು ಶೋಧಯಂತ್ರದ ಪಕ್ಕದಲ್ಲಿ ಕಾಣುವ ಕಿರುಪಟ್ಟಿಗಳು ಆ ಬಿತ್ತನೆಯ ಬೆಳೆ.

ರಂಗನಾಥನ್ ಅವರು ಮುಖಗಳನ್ನು ಬಿಡಿಸಿ ಸುಮ್ಮನಾಗಲಿಲ್ಲ. ಒಂದು ಮುಖದೊಳಗಿನ ಬಾಬುಗಳು ಯಾವ ಸಾಲಿನಲ್ಲಿ ನಿಂತರೆ ಓದುಗನಿಗೆ ಉಪಕಾರವಾಗುತ್ತದೆ ಎಂದು ವಿಚಾರ ಮಾಡಿ ಎಂಟು ತತ್ತ್ವಗಳನ್ನು ಹೇಳಿದರು. ಕಾಲದಲ್ಲಿ ಹಿಂದುಮುಂದಾದವು ಆ ಕಾಲದಂತೆಯೇ ನಿಲ್ಲಲಿ. ವಿಕಾಸದಲ್ಲಿ ಒಂದರಿಂದ ಒಂದು ಹುಟ್ಟಿದವು ಹಾಗೆಯೇ ನಿಲ್ಲಲಿ. ನೆಲದ ಮೇಲೆ ನೆರೆಹೊರೆಯಾದವು ಪಟ್ಟಿಯಲ್ಲಿಯೂ ನೆರೆಹೊರೆಯಾಗಲಿ. ಪ್ರಮಾಣವುಳ್ಳವು ಪ್ರಮಾಣದಂತೆ, ಸರಳವಾದದ್ದು ಸಂಕೀರ್ಣವಾದದ್ದಕ್ಕೆ ಮೊದಲು. ಪರಂಪರೆಯಲ್ಲಿ ಒಂದು ಕ್ರಮ ನೆಲೆಗೊಂಡಿದ್ದರೆ ಆ ಕ್ರಮದಂತೆ. ಇವು ಮೊದಲ ಆರು. ಏಳನೆಯದು, ಯಾವುದರ ಮೇಲೆ ಹೆಚ್ಚು ಬರೆಹವಿದೆಯೋ ಅದು ಮೊದಲು ಬರಲಿ ಎಂಬುದು. ಎಂಟನೆಯದು, ಬೇರೆ ಯಾವ ದಾರಿಯೂ ಕಾಣದಾಗ ಅಕಾರಾದಿ. ವಾಚಕರು ಇಲ್ಲೊಂದು ಕ್ಷಣ ನಿಲ್ಲಬೇಕು. ಯಂತ್ರವು ಹುಟ್ಟಿನಿಂದ ತಂದಿರುವ ಕ್ರಮಗಳು ಎರಡೇ: ಎಣಿಕೆ ಮತ್ತು ಅಕ್ಷರ. ರಂಗನಾಥನ್ ಅವರ ಎಣಿಕೆಯಲ್ಲಿ ಅವೇ ಕಡೆಯ ಎರಡು. ಬೇರೆಲ್ಲ ವಿವೇಕವೂ ಮುಗಿದ ಮೇಲೆ ಕೈಹಿಡಿಯಬೇಕಾದ ಊರುಗೋಲನ್ನು ನಾವು ಮೊದಲ ಹೆಜ್ಜೆಯಲ್ಲಿಯೇ ಹಿಡಿದು ನಡೆಯುತ್ತಿದ್ದೇವೆ.

ಇದರ ಪರಿಣಾಮವನ್ನು ಬಯಲಲ್ಲಿ ನಿಂತು ಹೇಳುವುದಕ್ಕಿಂತ ಮಲೆನಾಡಿಗೆ ಹೋಗಿ ನೋಡುವುದು ಲೇಸು. ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನಲ್ಲಿ ಕೊಡಗಿನ ಗಡಿಯ ಕಡೆಗೆ ಯಸಳೂರು ಎಂಬ ಹೋಬಳಿಯಿದೆ. ಕಾಫಿ, ಮೆಣಸು, ಏಲಕ್ಕಿ, ಬತ್ತಗಳ ಸೀಮೆ, ಮಳೆಯ ಸೀಮೆ. ಅಲ್ಲಿಯ ರೈತನಿಗೆ ವರ್ಷವೆಂದರೆ ಮಳೆಯ ನಕ್ಷತ್ರಗಳ ಸಾಲು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ: ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಸಸಿಮಡಿ, ಯಾವ ಮಳೆಗೆ ನಾಟಿ, ಯಾವ ಮಳೆ ಕೈಕೊಟ್ಟರೆ ಯಾವ ಬೆಳೆ ಹೋಯಿತು ಎಂಬುದೆಲ್ಲ ಆ ಸಾಲಿನಲ್ಲಿಯೇ ಇದೆ. ಕೃಷಿಯ ಬರೆಹಗಳನ್ನು ಹುಡುಕುವ ಒಂದು ಯಂತ್ರದಲ್ಲಿ 'ಮಳೆ' ಎಂಬ ಮುಖವಿದೆಯೆಂದು ಊಹಿಸಿ. ಅಕ್ಷರವೊಂದನ್ನೇ ಬಲ್ಲ ಯಂತ್ರವು ಇವನ್ನು ಅಶ್ವಿನಿ, ಆರಿದ್ರ, ಆಶ್ಲೇಷ, ಕೃತ್ತಿಕೆ, ಪುನರ್ವಸು, ಪುಷ್ಯ, ಭರಣಿ, ಮೃಗಶಿರ, ರೋಹಿಣಿ ಎಂದು ಜೋಡಿಸುತ್ತದೆ. ಬೇಸಗೆಯ ಅಶ್ವಿನಿಯ ಮಗ್ಗುಲಿಗೆ ಮುಂಗಾರಿನ ಆರಿದ್ರ ಬಂದು ನಿಲ್ಲುತ್ತದೆ. ಆಗಸ್ಟ್ ತಿಂಗಳ ಆಶ್ಲೇಷ ಕಳೆದ ಮೇಲೆ ಮೇ ತಿಂಗಳ ಕೃತ್ತಿಕೆ ಹುಟ್ಟುತ್ತದೆ. ಒಂಬತ್ತು ಹೆಸರುಗಳೂ ಇವೆ, ಆದರೆ ವರ್ಷವಿಲ್ಲ. ಹೆಸರುಗಳ ನಡುವೆ ಇದ್ದ ಜ್ಞಾನ ಸೋರಿಹೋಯಿತು.

ಕಾಫಿಯ ವಿಷಯವನ್ನೂ ನೋಡಿ. ತೋಟದಿಂದ ಬಂದ ಬೀಜವನ್ನು ಹದಮಾಡಿ, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಪಾರ್ಚ್‌ಮೆಂಟಿನಿಂದ ತೆಗೆದ ಅರೇಬಿಕಾ ಕಾಫಿಯಲ್ಲಿ ಎಎ ಎಂಬುದು ದಪ್ಪನೆಯ ಬೀಜ. ಅದರ ಕೆಳಗೆ ಎ, ಬಿ, ಸಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಉರುಟಾಗಿ ಬೆಳೆದದ್ದು ಪೀಬೆರಿ, ವ್ಯಾಪಾರದ ಭಾಷೆಯಲ್ಲಿ ಪಿಬಿ; ಅದಕ್ಕೆ ಪ್ರತ್ಯೇಕ ಸ್ಥಾನ. ಯಂತ್ರಕ್ಕೆ ಕೇಳಿದರೆ ಕನ್ನಡ ಅಕ್ಷರದಲ್ಲಿ ಎ, ಎಎ, ಪಿಬಿ, ಬಿ, ಸಿ ಎಂದು ಹೇಳುತ್ತದೆ. ಎಎಗಿಂತ ಎ ಮೇಲಾಯಿತು. ಎಲ್ಲಕ್ಕೂ ಹೊರತಾದ ಪೀಬೆರಿ ನಟ್ಟನಡುವೆ ಬಂದು ಕುಳಿತಿತು. ಮಾರುವವನಿಗೂ ಕೊಳ್ಳುವವನಿಗೂ ಪಟ್ಟಿ ಸುಳ್ಳು ಹೇಳಿತು. ಇನ್ನು ಉಪಾಧ್ಯಾಯರಿಗೆ ದಿನವೂ ಎದುರಾಗುವ ವಿನೋದವೊಂದಿದೆ. ತರಗತಿಗಳ ಪಟ್ಟಿಯನ್ನು ಯಂತ್ರಕ್ಕೆ ಅಕ್ಷರವಾಗಿ ಕೊಟ್ಟರೆ 1ನೆಯ ತರಗತಿಯಾದ ಮೇಲೆ 10ನೆಯ ತರಗತಿ ಬರುತ್ತದೆ, ಅದಾದ ಮೇಲೆ 2ನೆಯದು. ಮೊದಲ ಅಂಕಿಯನ್ನು ಮಾತ್ರ ನೋಡಿ ತೀರ್ಪು ಕೊಡುವ ಯಂತ್ರಕ್ಕೆ, ಮಗು ಒಂದನೆಯ ತರಗತಿಯಿಂದ ಹತ್ತಕ್ಕೆ ಜಿಗಿಯಲಾರದು ಎಂಬ ಅರಿವಿಲ್ಲ.

"ಹೋಗಲಿ, ಊರುಗಳ ಹೆಸರುಗಳಿಗಾದರೂ ಅಕಾರಾದಿ ಸರಿಯಷ್ಟೆ?" ಎಂದು ಯಾರಾದರೂ ಕೇಳಬಹುದು. ಯಾವ ಅಕಾರಾದಿ ಎಂಬುದು ನನ್ನ ಮರುಪ್ರಶ್ನೆ. ಸಕಲೇಶಪುರ ತಾಲ್ಲೂಕಿನ ಹೋಬಳಿಗಳು ಐದು. ಕನ್ನಡದಲ್ಲಿ ಜೋಡಿಸಿದರೆ ಕಸಬಾ, ಬೆಳಗೋಡು, ಯಸಳೂರು, ಹಾನುಬಾಳು, ಹೆತ್ತೂರು, ಯಸಳೂರು ನಟ್ಟನಡುವಿನದು. ಇಂಗ್ಲಿಷಿನಲ್ಲಿ ಜೋಡಿಸಿದರೆ ಬೆಳಗೋಡು, ಹಾನುಬಾಳು, ಹೆತ್ತೂರು, ಕಸಬಾ ಎಲ್ಲವೂ ಮುಂದೆ ಹೋಗಿ, ವೈ ಎಂಬ ಅಕ್ಷರದಿಂದ ಮೊದಲಾಗುವ ಯಸಳೂರು ಕಟ್ಟಕಡೆಗೆ ನಿಲ್ಲುತ್ತದೆ. ತಾಲ್ಲೂಕಿನ ಪಾಡೂ ಅದೇ. ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಸಕಲೇಶಪುರಕ್ಕೆ ಕನ್ನಡದಲ್ಲಿ ಆರನೆಯ ಸ್ಥಾನ, ಇಂಗ್ಲಿಷಿನಲ್ಲಿ ಎಂಟನೆಯದು. ಹೀಗೆ ಇಂಗ್ಲಿಷ್ ಪಟ್ಟಿಯಲ್ಲಿ ಯಸಳೂರು ಕಡೆಯ ತಾಲ್ಲೂಕಿನ ಕಡೆಯ ಹೋಬಳಿ. ಊರು ಕದಲಲಿಲ್ಲ, ಬೆಟ್ಟ ಕದಲಲಿಲ್ಲ. ಲಿಪಿ ಮಾತ್ರ ಬದಲಾಯಿತು.

ಹೆಸರು ಬದಲಾದಾಗಲಂತೂ ವಿಚಿತ್ರ ಹೇಳತೀರದು. 2014ರ ನವೆಂಬರ್ 1ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಹೆಸರುಗಳನ್ನು ಅಧಿಕೃತವಾಗಿ ತಿದ್ದಲಾಯಿತು. ಗುಲ್ಬರ್ಗವು ಕಲಬುರಗಿಯಾದಾಗ ಇಂಗ್ಲಿಷ್ ಪಟ್ಟಿಯಲ್ಲಿ ಅದು ಜಿ ಅಕ್ಷರದಿಂದ ಕೆ ಅಕ್ಷರಕ್ಕೆ ಕೆಳಗಿಳಿಯಿತು. ಕನ್ನಡ ಪಟ್ಟಿಯಲ್ಲಿ ಗಕಾರದಿಂದ ಕಕಾರಕ್ಕೆ ಮೇಲೇರಿತು. ಬಿಜಾಪುರವು ವಿಜಯಪುರವಾಗಿ ಎರಡು ಪಟ್ಟಿಗಳಲ್ಲಿಯೂ ತುದಿಯ ಕಡೆಗೆ ಸರಿಯಿತು. ಒಂದೇ ಆಜ್ಞೆಯಿಂದ ಒಂದೂರು ಒಂದು ಭಾಷೆಯಲ್ಲಿ ಏರಿ, ಇನ್ನೊಂದರಲ್ಲಿ ಇಳಿಯುವುದಾದರೆ ಆ ಏರಿಳಿತಕ್ಕೆ ಅರ್ಥವೇನು? ಅರ್ಥವಿಲ್ಲ ಎಂಬುದೇ ಉತ್ತರ. ನೆಲದ ಮೇಲೆ ನೆರೆಯವರಾದವರನ್ನು ಪಟ್ಟಿಯಲ್ಲಿಯೂ ನೆರೆಯವರಾಗಿರಿಸಬೇಕೆಂಬ ರಂಗನಾಥನ್ ಅವರ ಮೂರನೆಯ ತತ್ತ್ವ ಇಲ್ಲಿ ನೆನಪಾಗುತ್ತದೆ. ಯಸಳೂರಿನವರಿಗೆ ಕೊಡಗಿನ ಶನಿವಾರಸಂತೆ ಹತ್ತಿರದ ಊರು. ತಮ್ಮದೇ ಜಿಲ್ಲೆಯ ಅರಸೀಕೆರೆ ಬಲು ದೂರ. ಆದರೆ ಜಿಲ್ಲೆಯೆಂಬ ಗೋಡೆಯನ್ನೂ ಅಕ್ಷರವೆಂಬ ಬಾಗಿಲನ್ನೂ ಬಿಟ್ಟು ಬೇರೇನನ್ನೂ ತಿಳಿಯದ ಯಂತ್ರವು, ಆಸ್ಪತ್ರೆಯನ್ನು ಹುಡುಕುವ ಯಸಳೂರಿನವನಿಗೆ ಅರಸೀಕೆರೆಯನ್ನು ಮೊದಲು ತೋರಿಸಿ ಶನಿವಾರಸಂತೆಯನ್ನು ಮರೆಮಾಡುತ್ತದೆ.

ಕನ್ನಡದ ಅಕಾರಾದಿಯಾದರೂ ಯಂತ್ರದ ಹೊಟ್ಟೆಯಲ್ಲಿ ನೆಟ್ಟಗಿದೆಯೆ? ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯಿದೆ. ಮಗು ಬಾಯಿಪಾಠ ಮಾಡುವ ವರ್ಣಮಾಲೆಯಲ್ಲಿ ಅಂ, ಅಃ ಎಂಬವು ಔಕಾರದ ಅನಂತರ ಬರುತ್ತವೆ. ಸಂಕೇತದ ಪಟ್ಟಿಯಲ್ಲಿ ಅನುಸ್ವಾರ ವಿಸರ್ಗಗಳು ಅಕಾರಕ್ಕಿಂತ ಮೊದಲೇ ಕುಳಿತಿವೆ. ಹಳಗನ್ನಡದ ೞಕಾರಕ್ಕೆ ಕೊಟ್ಟ ಸಂಖ್ಯೆಯಂತೂ ವ್ಯಂಜನಗಳ ಸಾಲಿನಲ್ಲಿಯೇ ಇಲ್ಲ; ಸ್ವರಚಿಹ್ನೆಗಳೂ ಹಲಂತಚಿಹ್ನೆಯೂ ಮುಗಿದ ಮೇಲೆ ಎಲ್ಲಿಯೋ ಇದೆ. ಆದುದರಿಂದ ಸಂಖ್ಯೆಯೊಂದನ್ನೇ ನೋಡಿ ಜೋಡಿಸುವ ಯಂತ್ರದಲ್ಲಿ 'ಮಳೆ' ತನ್ನ ಸ್ಥಾನದಲ್ಲಿದ್ದರೆ, ಅದರ ಹಿರಿಯಳಾದ 'ಮೞೆ'ಯು ಮಾತು, ಮೀನು, ಮೌನಗಳನ್ನೆಲ್ಲ ದಾಟಿ, 'ಮ್ಲಾನ'ಕ್ಕೂ ಹಿಂದೆ ಹೋಗಿ ನಿಲ್ಲುತ್ತದೆ. ಆ ಅಕ್ಷರದ ಇಂಗ್ಲಿಷ್ ಹೆಸರನ್ನೇ ಯೂನಿಕೋಡಿನಲ್ಲಿ ಮೊದಲು 'ಫ' ಎಂದು ತಪ್ಪಾಗಿ ನಮೂದಿಸಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ಕಟ್ಟಳೆ ಅಲ್ಲಿರುವುದರಿಂದ ತಿದ್ದಿದ ಹೆಸರೊಂದನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಭಾಷೆ ಭಾಷೆಗೂ ತಕ್ಕ ಅನುಕ್ರಮವನ್ನು ಬೇರೆಯಾಗಿ ಬರೆದಿಡುವ ಏರ್ಪಾಟು ಯೂನಿಕೋಡಿನವರಲ್ಲಿ ಇಲ್ಲದಿಲ್ಲ. ಕನ್ನಡಕ್ಕೂ ಅಂಥ ನಿಯಮವಿದೆ. ಆದರೆ ಯಂತ್ರವನ್ನು ನಿಲ್ಲಿಸುವವನು ಅದನ್ನು ಕೇಳಿ ಹಾಕಿಕೊಳ್ಳಬೇಕು. ಕೇಳದವನಿಗೆ ಬರಿಯ ಸಂಖ್ಯೆಯ ಕ್ರಮವೇ ಗತಿ.

ನಿಜವಾಗಿ ನೋಡಿದರೆ ನಮ್ಮ ವರ್ಣಮಾಲೆಯೇ ಯೋಚಿಸಿ ಕಟ್ಟಿದ ಒಂದು ಅನುಕ್ರಮ. ಕ, ಚ, ಟ, ತ, ಪ ಎಂಬ ವರ್ಗಗಳು ಗಂಟಲಿನಿಂದ ತುಟಿಯವರೆಗೆ ಉಸಿರು ನಡೆಯುವ ದಾರಿಯನ್ನು ಅನುಸರಿಸುತ್ತವೆ. ಅದೇ ಧ್ವನಿಗಳನ್ನು ಪಾಣಿನಿಯ ವ್ಯಾಕರಣದ ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ಬೇರೊಂದು ಸಾಲಿನಲ್ಲಿ ನಿಲ್ಲಿಸಲಾಗಿದೆ. ಏಕೆಂದರೆ ಅಲ್ಲಿ ಬೇಕಾದದ್ದು ಉಚ್ಚಾರಣೆಯ ಪಾಠವಲ್ಲ, ವ್ಯಾಕರಣದ ವಿಧಿಗಳನ್ನು ಅತ್ಯಂತ ಸಂಕ್ಷೇಪವಾಗಿ ಹೇಳುವ ಅನುಕೂಲ. ವಸ್ತು ಒಂದೇ, ಪ್ರಯೋಜನ ಎರಡು, ಆದ್ದರಿಂದ ಅನುಕ್ರಮ ಎರಡು. ಪ್ರಯೋಜನಕ್ಕೆ ತಕ್ಕ ಅನುಕ್ರಮ ಎಂಬ ಈ ಪಾಠವನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲಿತಿದ್ದ ದೇಶವು, ಇಂದು ಅಂಗಡಿಯಿಂದ ತಂದ ಯಂತ್ರದ ಅಭ್ಯಾಸಕ್ಕೆ ತಲೆಬಾಗುವುದು ಸೋಜಿಗವಲ್ಲವೆ?

ಅಕ್ಷರದ ಕ್ರಮಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಎಣಿಕೆಯ ಕ್ರಮವನ್ನು. ಅಕ್ಷರವು ಕುರುಡು, ಎಣಿಕೆಯಾದರೋ ಬಲ್ಲಿದನ ಪಕ್ಷ. ಹೆಚ್ಚು ಫಲಗಳಿರುವ ಬಾಬು ಮೇಲೆ ಬರುತ್ತದೆ. ಮೇಲೆ ಬಂದದ್ದನ್ನು ಜನ ಹೆಚ್ಚಾಗಿ ಒತ್ತುತ್ತಾರೆ. ಜನ ಒತ್ತಿದ್ದರ ಬಗೆಗೇ ಮುಂದೆ ಹೆಚ್ಚು ಬರೆಯುತ್ತಾರೆ, ಹೆಚ್ಚು ಸರಕನ್ನು ತಂದಿಡುತ್ತಾರೆ. ಇಷ್ಟೇ ಆಗಿದ್ದರೆ ಚಿಕ್ಕದು ಕೆಳಗಿದೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಯಂತ್ರವು ಪಟ್ಟಿಯನ್ನು ಪೂರ್ತಿಯಾಗಿ ಕೊಡುವುದಿಲ್ಲ. ಬೇರೆ ಹೇಳದಿದ್ದರೆ ಎಲಾಸ್ಟಿಕ್‌ಸರ್ಚ್ ಮೊದಲ 10 ಬಾಬುಗಳನ್ನು ಕೊಟ್ಟು ಕೈಮುಗಿಯುತ್ತದೆ; ಸೋಲರ್ 100ನ್ನು ಕೊಡುತ್ತದೆ. ಕರ್ನಾಟಕದ 31 ಜಿಲ್ಲೆಗಳಲ್ಲಿ ಹತ್ತು ಮಾತ್ರ ಕಂಡರೆ ಇಪ್ಪತ್ತೊಂದು ಇಲ್ಲವೇ ಇಲ್ಲ. ಹೋಬಳಿಗಳ ಪಟ್ಟಿಯಾದರೆ ಯಸಳೂರಿನಂಥವುಗಳಿಗೆ ಆಸೆಯೇ ಬೇಡ. ಇಲ್ಲಿ ಅನುಕ್ರಮವು ಅಲಂಕಾರದ ಮಾತಾಗಿ ಉಳಿಯಲಿಲ್ಲ. ಇರುವುದು ಯಾವುದು, ಇಲ್ಲದಿರುವುದು ಯಾವುದು ಎಂಬುದನ್ನೇ ಅದು ತೀರ್ಮಾನಿಸಿತು. ತನ್ನ ಸೀಮೆಯ ಬಗೆಗೆ ಪ್ರಬಂಧ ಬರೆಯಬೇಕೆಂದು ಹುಡುಕಲು ಕುಳಿತ ವಿದ್ಯಾರ್ಥಿಗೆ ಬೆಂಗಳೂರು ಮೈಸೂರುಗಳೇ ದಿನವೂ ಎದುರಾಗಿ, ತನ್ನೂರಿನ ಹೆಸರು ಯಾವ ಪಟ್ಟಿಯಲ್ಲಿಯೂ ಕಾಣದೆಹೋದರೆ, ತನ್ನೂರಿನ ಬಗೆಗೆ ಬರೆದದ್ದು ಏನೂ ಇಲ್ಲವೆಂದು ಅವನು ನಂಬುತ್ತಾನೆ. ಆ ಬರೆಹ ಭಂಡಾರದಲ್ಲಿಯೇ ಇರುತ್ತದೆ. ಬಾಗಿಲು ಮಾತ್ರ ಕಾಣಿಸಲಿಲ್ಲ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂದು ಪಂಚಸೂತ್ರಗಳಲ್ಲಿ ಹೇಳಿರುವುದು ಇಂಥ ಮರೆವಿನ ವಿರುದ್ಧವೇ.

ಈ ವಾದಕ್ಕೆ ಎದುರಾಗಿ ಬಲವಾದ ಮಾತೊಂದಿದೆ. ಅದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸಲ್ಲದು. ಬಲ್ಲವರು ಅನುಕ್ರಮವನ್ನು ಹೇಳಿಕೊಡಲಿ ಎಂದರೆ, ಬಲ್ಲವರು ಯಾರು? ಅಮರಕೋಶವನ್ನು ನೋಡಿ. ಅದು ಅಕಾರಾದಿಯ ಕೋಶವಲ್ಲ. ಅರ್ಥದ ವರ್ಗಗಳಲ್ಲಿ ಜೋಡಿಸಿದ ಕೋಶ. ಸ್ವರ್ಗದಿಂದ ಮೊದಲಾಗಿ ಭೂಮಿಗೆ ಇಳಿಯುತ್ತದೆ. ಎರಡನೆಯ ಕಾಂಡದಲ್ಲಿ ಮನುಷ್ಯವರ್ಗವಾದ ಮೇಲೆ ಬ್ರಹ್ಮವರ್ಗ, ಕ್ಷತ್ರಿಯವರ್ಗ, ವೈಶ್ಯವರ್ಗ, ಕೊನೆಗೆ ಶೂದ್ರವರ್ಗ. ಅನುಕ್ರಮ ಕಟ್ಟಿದವನ ಕಾಲದ ಸಮಾಜವು ತನ್ನ ಮೇಲು ಕೀಳುಗಳೊಡನೆ ಅಲ್ಲಿ ಅಚ್ಚಾಗಿದೆ. ಅದಕ್ಕೆ ಹೋಲಿಸಿದರೆ 1894ರಲ್ಲಿ ಪ್ರಕಟವಾದ ಕಿಟೆಲರ ಕನ್ನಡ ನಿಘಂಟಿನ ಅಕಾರಾದಿ ಸಮದರ್ಶಿ: ಅರಸನೂ ಅಗಸನೂ ಅಕ್ಷರ ಹೇಳಿದೆಡೆ ನಿಲ್ಲಬೇಕು, ಅಕ್ಷರ ಬಲ್ಲ ಯಾರು ಬೇಕಾದರೂ ಗುರುವಿನ ಹಂಗಿಲ್ಲದೆ ಮಾತನ್ನು ಹುಡುಕಿಕೊಳ್ಳಬಹುದು. ಈಗಿನ ಮಾತಿಗೆ ಬಂದರೆ ವ್ಯಾಪಾರದ ಆಸೆ ಅನುಕ್ರಮವನ್ನು ಕೆಡಿಸಬಲ್ಲುದು. ಸರಕನ್ನು ಹೋಲಿಸಿ ನೋಡುವ ತನ್ನದೇ ಸೇವೆಯನ್ನು ಹುಡುಕಾಟದ ಫಲಗಳಲ್ಲಿ ಮೇಲೆ ಕೂರಿಸಿ, ಎದುರಾಳಿಗಳನ್ನು ಕೆಳಗೆ ತಳ್ಳಿತೆಂದು ಗೂಗಲ್ ಸಂಸ್ಥೆಗೆ ಯೂರೋಪಿನ ಆಯೋಗವು 2017ರಲ್ಲಿ 242 ಕೋಟಿ ಯೂರೋಗಳ ದಂಡ ಹಾಕಿತು. ಅಲ್ಲಿನ ಪರಮೋಚ್ಚ ನ್ಯಾಯಾಲಯ 2024ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಯಿಂದ ಕಟ್ಟುವ ಅನುಕ್ರಮದಲ್ಲಿ ಕೈವಾಡಕ್ಕೂ ಎಡೆಯಿದೆ ಎಂಬುದನ್ನು ಅಲ್ಲಗಳೆಯಲಾಗದು.

ಈ ಮಾತು ನಿಜ. ಆದರೆ ಅದರಿಂದ ಬರುವ ತೀರ್ಮಾನ ಅನುಕ್ರಮವನ್ನೇ ಕಟ್ಟಬಾರದು ಎಂಬುದಲ್ಲ. ಯಾವಾಗ ಯಾವುದನ್ನು ಕಟ್ಟಬೇಕೆಂಬ ವಿವೇಕ ಬೇಕು ಎಂಬುದು. ನಮ್ಮ ಚುನಾವಣೆಯ ಶಾಸನ ಇದಕ್ಕೊಂದು ಮಾದರಿಯನ್ನು ಕೊಟ್ಟಿದೆ. 1951ರ ಜನಪ್ರಾತಿನಿಧ್ಯ ಕಾಯಿದೆಯಂತೆ ಅಭ್ಯರ್ಥಿಗಳ ಪಟ್ಟಿಯಲ್ಲಿ ಈಗ ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತವಾದ ಇತರ ಪಕ್ಷಗಳವರು, ಕೊನೆಗೆ ಉಳಿದವರು. ಒಂದೊಂದು ಗುಂಪಿನ ಒಳಗೆ ಅಕ್ಷರಾನುಕ್ರಮ. ಗುಂಪುಗಳ ಕ್ರಮವನ್ನು ಮನುಷ್ಯ ಯೋಚಿಸಿ ಇಟ್ಟ, ಬಹಿರಂಗವಾಗಿ ಶಾಸನದಲ್ಲಿ ಬರೆದ; ಗುಂಪಿನೊಳಗೆ ಸಮಾನರ ನಡುವೆ ಪಕ್ಷಪಾತ ಬಾರದಿರಲೆಂದು ಕುರುಡು ಅಕ್ಷರಕ್ಕೆ ಬಿಟ್ಟ. ಆ ಗುಂಪುಗಾರಿಕೆ ಸರಿಯೇ ಎಂದು ವಾದಿಸುವವರು ವಾದಿಸಬಹುದು; ವಾದಿಸಲು ಸಾಧ್ಯವಾಗುವುದು ಅದು ಬರೆದಿಟ್ಟ ನಿಯಮವಾದ್ದರಿಂದಲೇ. ಯಂತ್ರದ ಮೌನದಲ್ಲಿ ಅಡಗಿದ ಕ್ರಮದ ಮೇಲೆ ಯಾರು ಮೊಕದ್ದಮೆ ಹೂಡುತ್ತಾರೆ?

ಇದರಿಂದ ನಾಲ್ಕು ಸೂತ್ರಗಳನ್ನು ತೆಗೆಯಬಹುದೆಂದು ನನಗೆ ತೋರುತ್ತದೆ. ಲೋಕದಲ್ಲಿ ತಮ್ಮದೇ ಸಾಲನ್ನು ಹೊಂದಿರುವ ವಸ್ತುಗಳಿಗೆ, ಎಂದರೆ ತಿಂಗಳು, ಮಳೆ, ತರಗತಿ, ಗಾತ್ರ, ಶತಮಾನಗಳಿಗೆ, ಆ ಸಾಲನ್ನೇ ಕೊಡತಕ್ಕದ್ದು. ತಮ್ಮಲ್ಲಿ ಮೇಲು ಕೀಳಿಲ್ಲದ ವ್ಯಕ್ತಿಗಳು, ಲೇಖಕರು, ಸಂಸ್ಥೆಗಳು, ಜಾತಿ ಮತಗಳು ಇವಕ್ಕೆ ಅಕಾರಾದಿಯೇ ನ್ಯಾಯ. ಅದೂ ಓದುವವನ ಭಾಷೆಯ ಅಕಾರಾದಿ, ಕನ್ನಡದ ಪಟ್ಟಿಗೆ ಇಂಗ್ಲಿಷಿನದಲ್ಲ. ಎಣಿಕೆಯ ಕ್ರಮ ಬೇಕೆನ್ನುವವರಿಗೆ ಅದು ದೊರೆಯಲಿ, ಆದರೆ ಕೇಳಿದಾಗ ಮಾತ್ರ. ಚಿಕ್ಕ ಬಾಬುಗಳನ್ನು ಕತ್ತರಿಸಿ ಎಸೆಯುವ ಅಧಿಕಾರ ಅದಕ್ಕೆ ಬೇಡ. ಕಡೆಯದಾಗಿ, ಪಟ್ಟಿಯ ತಲೆಯ ಮೇಲೆ ಅದು ಯಾವ ಕ್ರಮದಲ್ಲಿದೆ ಎಂಬುದನ್ನು ಒಂದು ಮಾತಿನಲ್ಲಿ ಬರೆದಿಡಬೇಕು, ಬದಲಿಸಿಕೊಳ್ಳುವ ಸ್ವಾತಂತ್ರ್ಯ ಓದುಗನಿಗಿರಬೇಕು.

ಇದನ್ನು ನಡೆಸುವುದು ಕಷ್ಟವೆಂದು ಯಾರೂ ಹೆದರಬೇಕಾಗಿಲ್ಲ. ಬಾಬಿನ ಹೆಸರನ್ನೂ ಅದರ ಸ್ಥಾನವನ್ನೂ ಎರಡಾಗಿ ಬೇರ್ಪಡಿಸುವುದು ಇದರ ಗುಟ್ಟು. ಕಣ್ಣಿಗೆ ಕಾಣುವುದು 'ಆರಿದ್ರ'. ಯಂತ್ರಕ್ಕೆ ಕಾಣುವುದು ಅದರ ಬೆನ್ನಿಗೆ ಕಟ್ಟಿದ 60 ಎಂಬ ಸಂಖ್ಯೆ. ಅಶ್ವಿನಿಗೆ 10, ಭರಣಿಗೆ 20 ಎಂದು ನಡುವೆ ಎಡೆ ಬಿಟ್ಟು ಸಂಖ್ಯೆ ಕೊಟ್ಟರೆ ನಾಳೆ ಹೊಸ ಬಾಬೊಂದು ಬಂದಾಗ ಎಲ್ಲರನ್ನೂ ಎಬ್ಬಿಸಿ ಸರಿಸಬೇಕಾಗಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಂತೆ ಹೊಸತು ಬರುತ್ತಲೇ ಇರುತ್ತದೆ. ಗುಲ್ಬರ್ಗ ಕಲಬುರಗಿಯಾದರೂ ಬೆನ್ನಿನ ಸಂಖ್ಯೆ ಬದಲಾಗದು, ಆದುದರಿಂದ ಸ್ಥಾನವೂ ಅಲುಗದು. ಒಂದೇ ಎಚ್ಚರ: ಯಂತ್ರದಿಂದ ಎಣಿಕೆಯಂತೆ ಮೊದಲ ಹತ್ತನ್ನು ತರಿಸಿಕೊಂಡು ಆಮೇಲೆ ಪುಟದ ಮೇಲೆ ಅವನ್ನು ಅಂದವಾಗಿ ಜೋಡಿಸುವುದು ಸುಳ್ಳು ಪರಿಹಾರ. ಕತ್ತರಿಸಿ ಹೋದವು ಆ ಜೋಡಣೆಗೆ ಬರುವುದೇ ಇಲ್ಲ. ಅನುಕ್ರಮವನ್ನು ಕತ್ತರಿಗೆ ಮೊದಲೇ ಹೇಳಬೇಕು, ಕತ್ತರಿಯ ಅನಂತರವಲ್ಲ.

ಕಷ್ಟವಾದದ್ದು ಯಂತ್ರದ ಕೆಲಸವಲ್ಲ, ಪಟ್ಟಿಯ ಕೆಲಸ. ಮಳೆಗಳ ಸಾಲನ್ನು ಯಾವ ಯಂತ್ರಜ್ಞನೂ ತಾನಾಗಿ ತಿಳಿಯಲಾರ. ಅದನ್ನು ಬೇಸಾಯಗಾರ ಹೇಳಬೇಕು. ಕಾಫಿಯ ದರ್ಜೆಗಳನ್ನು ಜರಡಿ ಹಿಡಿದವನು ಹೇಳಬೇಕು. ಹಳಗನ್ನಡದ ಅಕ್ಷರಗಳ ಸ್ಥಾನವನ್ನು ಪಂಡಿತರು ಹೇಳಬೇಕು. ಯಾವ ಊರಿಗೆ ಯಾವುದು ನೆರೆಯೂರು ಎಂಬುದನ್ನು ಆ ದಾರಿಯಲ್ಲಿ ನಡೆದವರು ಹೇಳಬೇಕು. ನಮ್ಮ ಕಾಲೇಜುಗಳಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳೂ ಹಳ್ಳಿಗಳ ಉಪಾಧ್ಯಾಯರೂ ತಮ್ಮ ತಮ್ಮ ಸೀಮೆಯ ಇಂಥ ಸಾಲುಗಳನ್ನು ಬರೆದು ಕೂಡಿಸಿದರೆ, ಕನ್ನಡದ ಗ್ರಂಥಭಂಡಾರಗಳನ್ನು ಗಣಕಕ್ಕೆ ಏರಿಸುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ವಿಶ್ವವಿದ್ಯಾನಿಲಯಗಳು ಅವನ್ನು ಪರಿಶೀಲಿಸಿ ಎಲ್ಲರಿಗೂ ದೊರೆಯುವಂತೆ ಪ್ರಕಟಿಸಬಹುದು. ಹಣ ಬಹಳ ಬೇಡದ, ತಾಳ್ಮೆ ಬಹಳ ಬೇಕಾದ ಕೆಲಸವಿದು. ನಿಘಂಟುಗಳನ್ನು ಕಟ್ಟಿದ ನಾಡಿಗೆ ಅಂಥ ತಾಳ್ಮೆ ಹೊಸದಲ್ಲ.

ಪಟ್ಟಿಯಲ್ಲಿ ಮೊದಲು ನಿಂತದ್ದು ಮುಖ್ಯವೆಂದು ಮನುಷ್ಯ ನಂಬುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲಿಯೂ ಇಲ್ಲವೆಂದು ನಂಬುತ್ತಾನೆ. ಹಾಗಿರುವಾಗ, ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಾವು ಹೇಳದೆ ಬಿಟ್ಟರೂ ಅದು ಹೇಳಲ್ಪಡುತ್ತದೆ, ನಮ್ಮ ಸೀಮೆಯನ್ನು ಎಂದೂ ಕಾಣದವರ ಅಭ್ಯಾಸದಂತೆ. ಮಳೆ ಯಾವ ಸಾಲಿನಲ್ಲಿ ಬರುತ್ತದೆಂಬುದನ್ನು ಯಸಳೂರಿನವರೇ ಹೇಳಲಿ.